ಎರಡು ಪಟ್ಟಿಗಳನ್ನು ತಾಳೆ ನೋಡುವ ಪಾಠ



ಹಾಜರಿ ಪಟ್ಟಿ ಒಂದು, ಸಂಬಳದ ಪಟ್ಟಿ ಇನ್ನೊಂದು. ದಿನಗಳ ಲೆಕ್ಕ ಎರಡರಲ್ಲಿಯೂ ಒಂದೇ ಇರತಕ್ಕದ್ದು. ಇಲ್ಲವಾದರೆ ಯಾರದೋ ಮನೆಗೆ ಒಂದು ದಿನದ ಅಕ್ಕಿ ಖೋತಾ. ಈ ತಾಳೆಯನ್ನು ಪೈಥಾನ್ ಭಾಷೆಯಲ್ಲಿ ಕಂಪ್ಯೂಟರಿನಿಂದ ಮಾಡಿಸುವ ಬಗೆಯನ್ನು ಈ ಸಲ ನೋಡೋಣ.

ಪೈಥಾನಿನಲ್ಲಿ ಇಂಥ ಪಟ್ಟಿಗೆ ಡಿಕ್ಷನರಿ ಎಂದು ಹೆಸರು. ನಿಘಂಟಿನಲ್ಲಿ ಪದ ಹುಡುಕಿ ಅರ್ಥ ಪಡೆಯುವಂತೆ ಇಲ್ಲಿ ಕೀ ಕೊಟ್ಟು ಮೌಲ್ಯ ಪಡೆಯುತ್ತೇವೆ. ನಮ್ಮ ಪಟ್ಟಿಯಲ್ಲಿ ಟೋಕನ್ ನಂಬರೇ ಕೀ, ದಿನಗಳೇ ಮೌಲ್ಯ. ಹಾಜರಿಯಲ್ಲಿ 101ಕ್ಕೆ 26, 102ಕ್ಕೆ 24, 103ಕ್ಕೆ 25 ಇರಲಿ. ಸಂಬಳದಲ್ಲಿ 102ಕ್ಕೆ 23, 101ಕ್ಕೆ 26, 104ಕ್ಕೆ 20 ಇರಲಿ.

ಎರಡು ಪಟ್ಟಿಗಳ ನಡುವೆ ಜೋಡಿ ಸಮಚಿಹ್ನೆ ಇಟ್ಟು ಕೇಳಿದರೆ ಯಂತ್ರವು 'ಸುಳ್ಳು' ಎಂದಷ್ಟೆ ಹೇಳುತ್ತದೆ. ಸಾಲುಗಳ ಕ್ರಮ ಬೇರೆಯಾದುದನ್ನು ಅದು ಲೆಕ್ಕಿಸುವುದಿಲ್ಲ. ಆದರೆ ಯಾರ ಲೆಕ್ಕ ತಪ್ಪಿತೆಂದೂ ತಿಳಿಸುವುದಿಲ್ಲ. ಆದುದರಿಂದ ಒಂದೊಂದೇ ಕೀ ಹಿಡಿದು ನೋಡಬೇಕು.

ಹೊಸಬರು ಹಾಜರಿಯ ಕೀಗಳನ್ನು ಮಾತ್ರ ಹಿಡಿದು ಹೊರಡುವುದುಂಟು. 102ರಲ್ಲಿ ಒಂದು ದಿನ ಕಡಿಮೆಯೆಂದು ಸಿಕ್ಕುತ್ತದೆ. 103 ಸಂಬಳದಲ್ಲಿ ಇಲ್ಲವೇ ಇಲ್ಲ. ಚೌಕ ಕಂಸದಲ್ಲಿಟ್ಟು ಕೇಳಿದರೆ 'ಕೀ ಎರರ್' ಎಂದು ಕೆಲಸ ಅಲ್ಲಿಗೇ ನಿಲ್ಲುತ್ತದೆ. 'ಗೆಟ್' ಬಳಸಿ, ಸಿಗದಿದ್ದರೆ ಸೊನ್ನೆ ಕೊಡು ಎನ್ನಬಹುದು. ಆದರೆ ಹೆಸರೇ ಬಿಟ್ಟುಹೋಗುವುದು ಬೇರೆ, ಸೊನ್ನೆ ದಿನ ಬೇರೆ. 104 ಅಂತೂ ಕಣ್ಣಿಗೇ ಬೀಳದು, ಏಕೆಂದರೆ ಅದು ಹಾಜರಿಯಲ್ಲಿಲ್ಲ.

ಸರಿಯಾದ ಕ್ರಮ ಹೀಗಿದೆ:

1. ಎರಡು ಪಟ್ಟಿಗಳ ಕೀಗಳನ್ನೂ 'ಸೆಟ್' ಮಾಡಿ, ನಡುವೆ ನಿಲುಗೆರೆ ಇಟ್ಟು ಕೂಡಿಸಿರಿ. 101ರಿಂದ 104ರವರೆಗೆ ನಾಲ್ಕೂ ಬರುತ್ತವೆ.
2. ಕೀ ಹಾಜರಿಯಲ್ಲಿ ಇಲ್ಲದಿದ್ದರೆ ಹಾಗೆಂದು ಬರೆಸಿರಿ.
3. ಸಂಬಳದಲ್ಲಿ ಇಲ್ಲದಿದ್ದರೆ ಅದನ್ನೂ ಬರೆಸಿರಿ.
4. ಎರಡರಲ್ಲಿಯೂ ಇದ್ದು ಮೌಲ್ಯ ಬೇರೆಯಾದರೆ ಎರಡು ಮೌಲ್ಯಗಳನ್ನೂ ಬರೆಸಿರಿ.

ಈಗ 102, 103, 104 ಮೂರೂ ಹೊರಬೀಳುತ್ತವೆ.

ಇನ್ನೆರಡು ಎಚ್ಚರಿಕೆಗಳು. ಉದ್ಧರಣ ಚಿಹ್ನೆಯೊಳಗಿನ '26' ಯಂತ್ರಕ್ಕೆ ಅಕ್ಷರ, ಸಂಖ್ಯೆಯಲ್ಲ. ಕಡತದಿಂದ ಓದಿದ ಅಂಕಿಗಳು ಹೀಗೆ ಬರುವುದುಂಟು; ಕೀ ಆಗಲಿ ಮೌಲ್ಯವಾಗಲಿ, 'ಇಂಟ್' ಹಾಕಿ ಸಂಖ್ಯೆ ಮಾಡಿಕೊಳ್ಳಿರಿ. ಹಣವಾದರೆ ಪೈಸೆಯಲ್ಲಿ ಬರೆಯಿರಿ. ಪೈಥಾನಿನ ದಶಮಾಂಶ ಲೆಕ್ಕದಲ್ಲಿ 0.1 ಮತ್ತು 0.2 ಕೂಡಿದರೆ 0.3ಕ್ಕೆ ಸಮವಾಗುವುದಿಲ್ಲ.

ಯಂತ್ರವು ವ್ಯತ್ಯಾಸವನ್ನು ತೋರಿಸೀತು. ಯಾವ ಪಟ್ಟಿ ಸರಿಯೆಂಬುದನ್ನು ಮೂಲ ಹಾಜರಿ ಪುಸ್ತಕ ತೆರೆದು, ಆ ಕೆಲಸಗಾರನನ್ನೂ ಕೇಳಿ, ನಾವೇ ನಿರ್ಣಯಿಸಬೇಕು.

ಅಭ್ಯಾಸ: ನಿಮ್ಮ ಮನೆಯ ದಿನಸಿ ಚೀಟಿಯನ್ನೂ ಅಂಗಡಿಯ ಉದ್ರಿ ಲೆಕ್ಕವನ್ನೂ ಹೀಗೆಯೇ ತಾಳೆ ನೋಡಿರಿ.