ಔಷಧವನ್ನು ಅಳೆದು ಕೊಡುವ ವಿಷಯ

ದಾದಿಯ ವಿದ್ಯೆಯನ್ನು ಕಲಿಯುವ ಹೆಣ್ಣುಮಕ್ಕಳು ಐದು ಮಾತುಗಳನ್ನು ಬಾಯಿಪಾಠ ಮಾಡುತ್ತಾರೆ: ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಅಳತೆ, ಸರಿಯಾದ ಮಾರ್ಗ, ಸರಿಯಾದ ಸಮಯ. ಇವುಗಳಲ್ಲಿ ಅಳತೆಯ ವಿಷಯವನ್ನೇ ನಾವು ಈ ಸಾರಿ ವಿವರಿಸುವೆವು. ಇದು ಮನೆಯ ತಾಯಂದಿರಿಗೂ ಬೇಕಾದದ್ದು.

ಜ್ವರಕ್ಕೆ ಕುಡಿಸುವ ಪ್ಯಾರಾಸಿಟಮಾಲ್ ಸೀಸೆಗಳೆಲ್ಲಾ ಒಂದೇ ಬಲದವುಗಳಲ್ಲ. ಕೂಸುಗಳಿಗೆಂದು ಮಾರುವ ಹನಿಗಳಲ್ಲಿ ಸಾಮಾನ್ಯವಾಗಿ 1 ಮಿಲಿಲೀಟರಿಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಾದರೋ 5 ಮಿಲಿಲೀಟರಿಗೆ 120 ಇಲ್ಲವೆ 125, ಕೆಲವುಗಳಲ್ಲಿ 250. ಹತ್ತು ಕಿಲೋ ತೂಕದ ಮಗುವಿಗೆ ಒಂದು ಸಾರಿಗೆ 100ರಿಂದ 150 ಮಿಲಿಗ್ರಾಂ ಸಾಕು. ಆದದರಿಂದ ಬಲ ಕಡಿಮೆಯಾದ ಸಿರಪ್ಪು 5 ಮಿಲಿಲೀಟರು ಕೊಟ್ಟರೆ ಸರಿ. ಅಷ್ಟನ್ನೇ ಅಜ್ಜಿಯು ಹನಿಗಳ ಸೀಸೆಯಿಂದ ಕುಡಿಸಿದರೆ ಒಳಗೆ ಹೋದದ್ದು 500! ಹೀಗೆ ಮತ್ತೆ ಮತ್ತೆ ಆದರೆ ಯಕೃತ್ತು ಕೆಡುವದು. ಮೊದಲ ದಿನ ಮಗು ಆಡಿಕೊಂಡೇ ಇದ್ದೀತು. ಅದನ್ನು ನೋಡಿ ಮೋಸಹೋಗಬಾರದು.

ಊಟದ ಚಮಚವೂ ನಂಬತಕ್ಕದ್ದಲ್ಲ. ಹಳೇಬೀಡಿನ ಮನೆಯ ಚಮಚಕ್ಕೂ ಬೇಲೂರಿನ ಮನೆಯದಕ್ಕೂ ಅಳತೆ ಒಂದಾಗುವದೆಲ್ಲಿ? ಸೀಸೆಯ ಸಂಗಡ ಬಂದ ಗೆರೆಯುಳ್ಳ ಮುಚ್ಚಳವನ್ನಾಗಲಿ ಹನಿಕೊಳವೆಯನ್ನಾಗಲಿ ಉಪಯೋಗಿಸತಕ್ಕದ್ದು. ನಾಲ್ಕು ತಾಸಿಗೆ ಮುಂಚೆ ಎರಡನೆಯ ಸಾರಿ ಕೊಡಬಾರದು. ಹಗಲುರಾತ್ರಿ ಕೂಡಿ ನಾಲ್ಕು ಸಾರಿಗೆ ಮೀರಬಾರದು. ನೆಗಡಿಯ ಔಷಧಗಳಲ್ಲಿಯೂ ಪ್ಯಾರಾಸಿಟಮಾಲ್ ಬೆರೆತಿರುವದುಂಟು. ಓದಬಲ್ಲ ಮಕ್ಕಳಿಂದ ಚೀಟಿಯನ್ನು ಓದಿಸಿರಿ.

ಹೆಚ್ಚಾಗಿ ಕೊಟ್ಟಿತೆಂಬ ಸಂಶಯ ಬಂದರೆ ಬೆಳಗಾಗಲೆಂದು ಕಾಯದೆ ಅರಸೀಕೆರೆಯ ಅಥವಾ ಬೇಲೂರಿನ ತಾಲ್ಲೂಕು ಆಸ್ಪತ್ರೆಗೆ ಮಗುವನ್ನು ಕರಕೊಂಡು ಹೋಗಬೇಕು. ಸೀಸೆಯನ್ನೂ ತಕ್ಕೊಂಡು ಹೋಗಿರಿ. ಯಾವ ಹೊತ್ತಿಗೆ ಎಷ್ಟು ಕೊಟ್ಟಿರೆಂದು ವೈದ್ಯರು ಕೇಳುವರು.