ಬೀರಿನಿಂದ ಬಟ್ಟಿಗೆ: ಉಷ್ಣಮಾಪಕವು ತಿಳಿಸುವುದೇನು?

ಸ್ವಂತ ಬಳಕೆಗಾಗಿ ಮನೆಯಲ್ಲಿ ಮದ್ಯವನ್ನು ಬಟ್ಟಿಯಿಳಿಸಲು ನ್ಯೂಜಿಲೆಂಡಿನಲ್ಲಿ 1996ರಲ್ಲಿ ಕಾನೂನಿನ ಅನುಮತಿ ದೊರೆಯಿತು. ಬೀರಿನ ತಯಾರಿಕೆಯಲ್ಲಿ ಪಳಗಿದವರು ಅಲ್ಲಿ ಈ ಕೆಲಸಕ್ಕೆ ತೊಡಗುವುದುಂಟು. ಆದರೆ ಅವರ ಹಳೆಯ ಅಭ್ಯಾಸವೊಂದು ಇಲ್ಲಿ ಅವರನ್ನು ದಾರಿ ತಪ್ಪಿಸಬಲ್ಲದು. ಅದರ ಕಾರಣವು ವಿಜ್ಞಾನದ ವಿದ್ಯಾರ್ಥಿಗಳು ಅರಿಯತಕ್ಕದ್ದಾಗಿದೆ.

ಬೀರು ತಯಾರಿಸುವವನು ಮೊಳಕೆ ಬಾರ್ಲಿಯ ನುಚ್ಚನ್ನು ಸುಮಾರು 65 ಡಿಗ್ರಿ ಸೆಂಟಿಗ್ರೇಡಿನ ನೀರಿನಲ್ಲಿರಿಸಿ ಅದರ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತಾನೆ. ತಣಿದ ಬಳಿಕ ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಆ ಸಕ್ಕರೆಯಿಂದ ಮದ್ಯಸಾರವನ್ನು ಉಂಟುಮಾಡುತ್ತದೆ. ಎರಡು ಹಂತಗಳಲ್ಲಿಯೂ ಉಷ್ಣತೆಯನ್ನು ನಿಶ್ಚಯಿಸುವವನು ಅವನೇ. ಬಟ್ಟಿಯಲ್ಲಿಯೂ ಹಾಗೆಯೇ ಎಂದು ಭಾವಿಸಿ ಅವನು ಹೀಗೆ ತರ್ಕಿಸುತ್ತಾನೆ: "ಮದ್ಯಸಾರದ ಕುದಿಬಿಂದು 78.3 ಡಿಗ್ರಿ, ನೀರಿನದು 100. ಪಾತ್ರೆಯನ್ನು 78 ಡಿಗ್ರಿಯಲ್ಲಿ ನಿಲ್ಲಿಸಿದರೆ ಮದ್ಯಸಾರವೊಂದೇ ಹೊರಬರುವುದು." ಈ ತರ್ಕವು ಸರಿಯಲ್ಲ.

ಒಂದರೊಡನೊಂದು ಬೆರೆತ ದ್ರವಗಳು ಬೇರೆಬೇರೆಯಾಗಿ ಕುದಿಯುವುದಿಲ್ಲ; ಮಿಶ್ರಣಕ್ಕೆ ತನ್ನದೇ ಆದ ಕುದಿಬಿಂದುವಿರುತ್ತದೆ. ಗಾತ್ರದಲ್ಲಿ ಶೇಕಡಾ 6ರಷ್ಟು ಮದ್ಯಸಾರವುಳ್ಳ ಬೀರು ಕುದಿಯುವುದು ಸುಮಾರು 95.5 ಡಿಗ್ರಿಯಲ್ಲಿ. ಅದರಲ್ಲಿ ನೂರಕ್ಕೆ ಸುಮಾರು 2 ಅಣುಗಳು ಮದ್ಯಸಾರದವು. ಮೇಲೇಳುವ ಆವಿಯಲ್ಲಿಯಾದರೋ ನೂರಕ್ಕೆ 17! ಆ ಆವಿಯನ್ನು ತಣಿಸಿದರೆ ಗಾತ್ರದಲ್ಲಿ ಸುಮಾರು ಶೇಕಡಾ 40ರಷ್ಟು ಮದ್ಯಸಾರವುಳ್ಳ ದ್ರವ ದೊರೆಯುತ್ತದೆ. ಬಟ್ಟಿಯ ಗುಟ್ಟೆಲ್ಲ ಇಷ್ಟೇ.

ಮದ್ಯಸಾರವು ಹೊರಟುಹೋದಂತೆ ಪಾತ್ರೆಯಲ್ಲಿ ನೀರಿನ ಪಾಲು ಹೆಚ್ಚುತ್ತದೆ. ಆದುದರಿಂದ ಕುದಿಬಿಂದುವು 100 ಡಿಗ್ರಿಯ ಕಡೆಗೆ ಏರುತ್ತದೆ. ಆವಿಯ ಸತ್ವವು ಕುಗ್ಗುತ್ತದೆ. ಉರಿಯನ್ನು ಹೆಚ್ಚಿಸಿದರೆ ಆವಿ ಬೇಗ ಬರುವುದೇ ಹೊರತು ಕುದಿಬಿಂದು ಏರದು. ಇಲ್ಲಿ ಉಷ್ಣತೆಯು ನಾವು ವಿಧಿಸುವುದಲ್ಲ; ದ್ರವದ ಸಂಯೋಜನೆಯಿಂದ ಉಂಟಾಗುವುದು.

ದೊರೆತ ದ್ರವವನ್ನು ಮರಳಿ ಕುದಿಸಿದರೆ ನೂರಕ್ಕೆ 17 ಇದ್ದದ್ದು ಸುಮಾರು 51 ಆಗುತ್ತದೆ. ಆದರೆ ನೂರಕ್ಕೆ 89ನ್ನು ಮುಟ್ಟಿದಾಗ ದ್ರವ ಮತ್ತು ಆವಿಗಳ ಸಂಯೋಜನೆ ಒಂದೇ ಆಗಿಬಿಡುತ್ತದೆ. ಅದಕ್ಕಿಂತ ಶುದ್ಧವಾದ ಮದ್ಯಸಾರವನ್ನು ಸಾಧಾರಣ ಬಟ್ಟಿಯಿಂದ ಪಡೆಯಲಾಗದು.

ಮೇಲಿನ ತಪ್ಪು ತರ್ಕವೇ ವಿಷದ ವಿಷಯದಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ಮೀಥೈಲ್ ಮದ್ಯಸಾರವು ಕಣ್ಣನ್ನೂ ಪ್ರಾಣವನ್ನೂ ತೆಗೆಯಬಲ್ಲದು. ಅದರ ಕುದಿಬಿಂದು 64.7 ಡಿಗ್ರಿಯಾದ್ದರಿಂದ ಮೊದಲು ಬಂದ ಪಾಲನ್ನು ಚೆಲ್ಲಿದರೆ ಸಾಕೆಂದು ಅನೇಕರ ನಂಬಿಕೆ. ಮಿಶ್ರಣದಲ್ಲಿ ಅದು ಕೊನೆಯವರೆಗೂ ಬರುತ್ತಲೇ ಇರುತ್ತದೆ. ಧಾನ್ಯದ ಬೀರಿನಲ್ಲಿ ಅದು ಅತ್ಯಲ್ಪ. ದುರಂತಗಳಿಗೆ ಸಾಮಾನ್ಯವಾಗಿ ಕಾರಣವಾಗುವುದು ಹೊರಗಿನಿಂದ ಬೆರೆಸಿದ ಮೀಥೈಲ್ ಮದ್ಯಸಾರ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿಗೆ ಮುನ್ನೂರಕ್ಕೂ ಹೆಚ್ಚು ಮಂದಿ ಬಲಿಯಾದುದನ್ನು ಮರೆಯಲಾಗದು.

ಪರವಾನಗಿಯಿಲ್ಲದೆ ಮದ್ಯವನ್ನು ಬಟ್ಟಿಯಿಳಿಸುವುದು ನಮ್ಮಲ್ಲಿ ಅಪರಾಧ. ಈ ತತ್ತ್ವವನ್ನು ಕಣ್ಣಾರೆ ಕಾಣಬಯಸುವ ವಿದ್ಯಾರ್ಥಿಗಳು ಕಾಲೇಜಿನ ಪ್ರಯೋಗಶಾಲೆಯಲ್ಲಿ, ಅಧ್ಯಾಪಕರ ಸಮ್ಮುಖದಲ್ಲಿ, ಅಸಿಟೋನ್ ಮತ್ತು ನೀರಿನ ಮಿಶ್ರಣವನ್ನು ವಿದ್ಯುತ್ ಕಾವಲಿಯಿಂದ ಬಟ್ಟಿಯಿಳಿಸಿ, ಎರಡು ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಗುರುತಿಸಿಕೊಳ್ಳಲಿ. ಆವಿಗೆ ಬೆಂಕಿ ತಗಲಬಾರದು, ಹೊರದಾರಿ ಮುಚ್ಚಿರಬಾರದು. ಅಂಕಿಗಳಿಂದ ನಕ್ಷೆ ಬರೆದರೆ, ಏರುತ್ತ ಹೋಗುವ ರೇಖೆಯೇ ಪಾತ್ರೆಯೊಳಗಿನ ಬದಲಾವಣೆಯನ್ನು ತಿಳಿಸುವುದು.