ಸಾಮೂಹಿಕ ಕಣಕ್ಕೆ ಕನ್ವೇಯರ್: ಆಯ್ಕೆ ಹೇಗೆ?

ಕೊಯ್ಲಿನ ಕಾಲದಲ್ಲಿ ಆಳುಗಳ ಅಭಾವ ತಲೆದೋರಿದಾಗ, ಕಣದಿಂದ ಗೋದಾಮಿಗೆ ಮಾಲು ಸಾಗಿಸಲು ಕನ್ವೇಯರ್ ಕೊಳ್ಳುವ ಯೋಚನೆ ಬರುವುದು ಸಹಜ. ಆದರೆ ಮೊದಲು ಲೆಕ್ಕ ಹಾಕಬೇಕು.

50 ಕೆ.ಜಿ.ಯ 100 ಮೂಟೆ ಮಾಲು 40 ದಿನಗಳಲ್ಲಿ ಬರುವುದೆಂದು ಇಟ್ಟುಕೊಳ್ಳೋಣ. ದಿನಕ್ಕೆ 125 ಕೆ.ಜಿ. ಆಯಿತು. ಗಂಟೆಗೆ 1 ಟನ್ ಸಾಗಿಸುವ ಯಂತ್ರ ಇದನ್ನು ಏಳೂವರೆ ನಿಮಿಷದಲ್ಲಿ ಮುಗಿಸಿ, ಉಳಿದ ಹೊತ್ತೆಲ್ಲ ಸುಮ್ಮನೆ ನಿಲ್ಲುತ್ತದೆ. ಇಂಥ ಬೆಳೆಗಾರರಿಗೆ ಕೈಗಾಡಿಯೇ ಲಾಭ. ಹಲವು ಸದಸ್ಯರು ಕೂಡಿ ಬಳಸುವುದಾದರೆ ಮಾತ್ರ ಯಂತ್ರಕ್ಕೆ ಹಾಕಿದ ಹಣ ಸಾರ್ಥಕ. ಆದರೆ ಆಗ ಒಬ್ಬರ ಮಾಲು ಇನ್ನೊಬ್ಬರದರೊಡನೆ ಬೆರೆಯದಂತೆ ನೋಡಿಕೊಳ್ಳಬೇಕಾಗುತ್ತದೆ.

ಯಂತ್ರದ ಅಳತೆ ನಿರ್ಧರಿಸಲು ಮಾಲಿನ ತೂಕ ತಿಳಿದಿರಬೇಕು. 40 ಲೀಟರಿನ ಫೋರ್ಲಿಟ್ ತುಂಬಿ ತೂಗಿ, ಬಂದ ತೂಕವನ್ನು 25ರಿಂದ ಗುಣಿಸಿದರೆ ಒಂದು ಘನ ಮೀಟರಿನ ತೂಕ ಸಿಗುತ್ತದೆ. ಪಾರ್ಚ್‌ಮೆಂಟ್, ಚೆರಿ, ಚಾಲಿ ಅಡಿಕೆ ಒಂದೊಂದನ್ನೂ ಬೇರೆ ಬೇರೆ ತೂಗತಕ್ಕದ್ದು.

ಮುಖ್ಯವಾಗಿ ಮೂರು ಬಗೆಗಳಿವೆ.

1. ಬೆಲ್ಟ್: ಕಾಳು ಒಡೆಯುವುದು ಕಡಿಮೆ, ಒಳಗೆ ಉಳಿಯುವ ಮಾಲೂ ಕಡಿಮೆ. ಆದರೆ ನಯವಾದ ಬೆಲ್ಟನ್ನು ಹೆಚ್ಚು ಓರೆಯಾಗಿ ನಿಲ್ಲಿಸುವಂತಿಲ್ಲ. 18 ಡಿಗ್ರಿ ಓರೆಯಲ್ಲಿ 3 ಮೀಟರ್ ಎತ್ತರದ ಅಟ್ಟಕ್ಕೆ ಏರಿಸಲು ಸುಮಾರು 9.7 ಮೀಟರ್ ಉದ್ದ ಬೇಕು. ಅಡ್ಡಪಟ್ಟಿಗಳಿರುವ ಬೆಲ್ಟನ್ನು 30 ಡಿಗ್ರಿಗೆ ನಿಲ್ಲಿಸಿದರೆ 6 ಮೀಟರ್ ಸಾಕು. ಉರುಳುವ ಚಾಲಿಗೆ ಅಡ್ಡಪಟ್ಟಿ ಇರಲೇಬೇಕು.

2. ಸ್ಕ್ರೂ: ಜಾಗ ಕಡಿಮೆ ಸಾಕು, ಧೂಳೂ ಏಳದು. ಆದರೆ ಉಜ್ಜಾಟದಿಂದ ಪಾರ್ಚ್‌ಮೆಂಟಿನ ಸಿಪ್ಪೆ ಒಡೆಯಬಹುದು. ಸ್ಕ್ರೂ ಮತ್ತು ತೊಟ್ಟಿಯ ನಡುವಿನ ಸಂದಿನಲ್ಲಿ ಸ್ವಲ್ಪ ಮಾಲು ಉಳಿದೇ ಉಳಿಯುತ್ತದೆ.

3. ಬಕೆಟ್ ಎಲಿವೇಟರ್: ನೆಟ್ಟಗೆ ಮೇಲೇರಿಸಲು ಇದೇ ಅನುಕೂಲ. ಇದರ ಬುಡದಲ್ಲಿಯೂ ಮಾಲು ನಿಲ್ಲುತ್ತದೆ. ಆದ್ದರಿಂದ ಶುಚಿ ಮಾಡಲು ಕೆಳಗಡೆ ಬಾಗಿಲು ಇರುವುದನ್ನೇ ಕೊಳ್ಳಬೇಕು.

ಉಳಿದ ಮಾಲಿನಿಂದ ಆಗುವ ನಷ್ಟ ಎಷ್ಟೆಂದು ನೋಡೋಣ. ಬುಡದಲ್ಲಿ 5 ಕೆ.ಜಿ. ನಿಂತಿದ್ದು, ಮುಂದಿನ ಸದಸ್ಯರ ಮಾಲು 250 ಕೆ.ಜಿ. ಇದ್ದರೆ ಬೆರಕೆ ಶೇ. 2 ಮಾತ್ರ. ಆದರೆ ಆ 5 ಕೆ.ಜಿ. ಸರಿಯಾಗಿ ಒಣಗದ್ದಾಗಿದ್ದು, ಮೊದಲು ಬಿದ್ದ ಬೊಗಸೆಯನ್ನೇ ತೇವಾಂಶ ಪರೀಕ್ಷೆಗೆ ತೆಗೆದರೆ, ಚೆನ್ನಾಗಿ ಒಣಗಿಸಿದವರಿಗೂ ಬೆಲೆ ಇಳಿಯುತ್ತದೆ. ಹೊರೆ ಹೊತ್ತ ಶ್ರಮ ಉಳಿದರೂ ಒಣಗಿಸಿದ ಶ್ರಮ ನೀರಿನಲ್ಲಿ ಹೋಮವಾಗುತ್ತದೆ.

ಈ ವಿಷಯದಲ್ಲಿ ಅದಿರು ಸಂಸ್ಕರಿಸುವ ಕಾರ್ಖಾನೆಗಳ ಕ್ರಮ ನಮಗೂ ಮಾದರಿ. ಅಲ್ಲಿ ರಾಶಿಯ ಮೇಲಿನಿಂದ ಒಂದು ಹಿಡಿ ತೆಗೆದು ನಂಬುವುದಿಲ್ಲ. ಬೆಲ್ಟಿನ ತುದಿಯಿಂದ ಬೀಳುವ ಧಾರೆಯ ಪೂರ್ತಿ ಅಗಲಕ್ಕೆ, ಒಂದೇ ವೇಗದಲ್ಲಿ, ಗೊತ್ತಾದ ಅವಧಿಗೊಮ್ಮೆ ಪಾತ್ರೆ ಹಾಯಿಸಿ ಮಾದರಿ ತೆಗೆಯುತ್ತಾರೆ. ಪಾತ್ರೆಯ ಬಾಯಿ ಅತಿ ದೊಡ್ಡ ತುಣುಕಿನ ಮೂರರಷ್ಟಾದರೂ ಅಗಲವಿರಬೇಕೆಂಬುದು ನಿಯಮ. ಹೀಗೆ ಕೂಡಿಸಿದ್ದನ್ನು ಚೆನ್ನಾಗಿ ಬೆರೆಸಿ, ರಾಶಿ ಹಾಕಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ಉಳಿಸಿಕೊಳ್ಳುತ್ತಾರೆ. ಬೇಕಾದಷ್ಟು ಚಿಕ್ಕದಾಗುವವರೆಗೆ ಇದನ್ನೇ ಪುನಃ ಮಾಡುತ್ತಾರೆ. ನಮ್ಮ ಕಣದಲ್ಲಿ ಇದಕ್ಕೆ ಒಂದು ಡಬ್ಬಿ, ಒಂದು ಹಲಗೆ ಸಾಕು. ತೇವಾಂಶಕ್ಕೆ ತೆಗೆದಿಟ್ಟದ್ದನ್ನು ಕೂಡಲೇ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಬೇಕು.

ಕೊಳ್ಳುವಾಗ ಇನ್ನೆರಡು ಸಂಗತಿ. ಕಾಫಿ ಬೇರೆ ವಾಸನೆಯನ್ನು ಬೇಗ ಹೀರುತ್ತದೆ. ಎಣ್ಣೆ ಕುಡಿದ ಹಳೆಯ ಬೆಲ್ಟು ಅಗ್ಗವಾಗಿ ಸಿಕ್ಕಿದರೂ ಬೇಡ. ತಿರುಗುವ ಭಾಗಗಳಿಗೆಲ್ಲ ಮುಚ್ಚಳವಿರಬೇಕು. ನಿಲ್ಲಿಸುವ ಗುಂಡಿ ಕೆಲಸಗಾರರ ಕೈಗೆ ಎಟುಕುವಂತಿರಬೇಕು. ವಿದ್ಯುತ್ ಕಡಿದು, ಯಂತ್ರ ಪೂರ್ತಿ ನಿಂತ ಮೇಲೆಯೇ ಒಳಗೆ ಕೈ ಹಾಕತಕ್ಕದ್ದು.

ಒಟ್ಟಿನಲ್ಲಿ, ಜಾಗವಿದ್ದಲ್ಲಿ ಸಾಮೂಹಿಕ ಬಳಕೆಗೆ ಬೆಲ್ಟೇ ಮೇಲು. ಜಾಗ ಸಾಲದಿದ್ದರೆ ಬಕೆಟ್ ಎಲಿವೇಟರ್. ಯಾವುದೇ ಇರಲಿ, ಒಬ್ಬರ ಮಾಲು ಮುಗಿದೊಡನೆ ಯಂತ್ರವನ್ನು ಬರಿದಾಗಿ ಓಡಿಸಿ, ನಿಲ್ಲಿಸಿ, ಗುಡಿಸಿ, ಉಳಿದದ್ದನ್ನು ಅವರ ಮೂಟೆಗೇ ಸೇರಿಸಿದ ಮೇಲೆ ಮುಂದಿನವರ ಸರದಿ. ಈ ನಿಯಮವನ್ನು ಯಂತ್ರ ಬರುವ ಮೊದಲೇ ಸದಸ್ಯರೆಲ್ಲ ಕೂಡಿ ಒಪ್ಪಿಕೊಂಡರೆ ಮುಂದೆ ಮನಸ್ತಾಪಕ್ಕೆ ಎಡೆಯಿರದು.